ಹದಿನೆಂಟೂವರೆ ಅಡಿಯ ಕಾರು ಒಂಬತ್ತು ಇಂಚಿನಲ್ಲಿ: 1976ರ ಷೆವರ್ಲೆ ಕಪ್ರೀಸ್ ಮಾದರಿ ಕಟ್ಟುವ ಕ್ರಮ

1976ರ ಷೆವರ್ಲೆ ಕಪ್ರೀಸ್ ಕಾರಿನ ಉದ್ದ 222.7 ಇಂಚು, ಅಂದರೆ ಸುಮಾರು 5.66 ಮೀಟರ್. ನಮ್ಮಲ್ಲಿ ತೆರಿಗೆ ಕಡಿಮೆಯಾಗಲೆಂದು ನಾಲ್ಕು ಮೀಟರಿನೊಳಗೆ ಕಟ್ಟುವ ಸಣ್ಣ ಕಾರುಗಳ ಪಕ್ಕದಲ್ಲಿ ನಿಲ್ಲಿಸಿದರೆ ಇದು ಒಂದೂವರೆ ಮೀಟರಿಗೂ ಹೆಚ್ಚು ಮುಂದೆ ಚಾಚಿಕೊಳ್ಳುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಇಷ್ಟು ದೊಡ್ಡ ಕಾರುಗಳ ಕಾಲ ಮುಗಿಯುತ್ತ ಬಂದಿತ್ತು. 1977ರ ಮಾದರಿಯಲ್ಲಿ ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ ಇದೇ ಕಪ್ರೀಸ್ ಅನ್ನು 212.1 ಇಂಚಿಗೆ ಇಳಿಸಿತು. ಹಾಗಾಗಿ 1976ರ ಕಾರು ಆ ಭಾರೀ ಗಾತ್ರದ ಕೊನೆಯ ಕಪ್ರೀಸ್.

ಇಂಥ ಕಾರಿನ ಪ್ಲಾಸ್ಟಿಕ್ ಮಾದರಿಯನ್ನು ಕಂಪನಿಯಿಂದ ಹೊರಬಂದ ರೂಪದಲ್ಲೇ ಕಟ್ಟುವುದು ಹೇಗೆ ಎಂಬುದು ಈ ಬರಹದ ವಿಷಯ. ಸ್ಪೋರ್ಟ್ಸ್ ಕಾರಿನ ಮಾದರಿಯಲ್ಲಿ ನೋಡುವವರ ಕಣ್ಣು ಎಂಜಿನ್ನಿಗೋ ಚಕ್ರಕ್ಕೋ ಹೋಗುತ್ತದೆ. ಇಲ್ಲಿ ಹಾಗಲ್ಲ. ಈ ಕಾರುಗಳ ಚೆಲುವೆಲ್ಲ ಅವುಗಳ ಉದ್ದದಲ್ಲಿದೆ: ಮುಂದಿನ ಮಡ್‌ಗಾರ್ಡ್‌ನಿಂದ ಹಿಂದೀಪದವರೆಗೆ ಎಲ್ಲೂ ಕಡಿಯದೆ ಹರಿಯುವ ಗೆರೆ, ಅದರ ಕೆಳಗೆ ತೆಳ್ಳನೆ ಕ್ರೋಮ್ ಪಟ್ಟಿ, ನೆಲಕ್ಕೆ ಭಾರ ಬಿಟ್ಟು ನಿಂತ ನಿಲುವು. ಆ ಗೆರೆ ಅಲುಗಿದರೆ ಎಂಜಿನ್ನಿಗೆ ಎಷ್ಟು ವೈರು ಎಳೆದರೂ ಮಾದರಿ ಆಟಿಕೆಯಂತೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಒಟ್ಟು ಶ್ರಮದ ಅರ್ಧಕ್ಕಿಂತ ಹೆಚ್ಚು ಪಾಲು ಬಾಡಿಗೇ, ಅಂದರೆ ಕಾರಿನ ಹೊರಮೈಗೇ, ಸಲ್ಲಬೇಕು.

ಕಿಟ್ ಆಯ್ಕೆ

ಅಮೆರಿಕದ ಕಾರು ಕಿಟ್‌ಗಳಲ್ಲಿ ಹೆಚ್ಚಿನವು 1/25 ಅಳತೆಯವು, ಅಂದರೆ ನಿಜವಾದ ಕಾರಿನ ಇಪ್ಪತ್ತೈದನೇ ಒಂದು ಭಾಗ. ಎಎಂಟಿ, ಎಂಪಿಸಿ, ಜೋ-ಹ್ಯಾನ್ ಈ ಮೂರೂ ಮಿಷಿಗನ್ ರಾಜ್ಯದ ಕಂಪನಿಗಳು. ಕಾರು ಕಾರ್ಖಾನೆಗಳ ನೆರೆಯಲ್ಲೇ ಇದ್ದುಕೊಂಡು, ಡೀಲರುಗಳ ಮೇಜಿನ ಮೇಲಿಡುವ ಪ್ರಚಾರ ಮಾದರಿಗಳನ್ನೂ ಅದೇ ಅಚ್ಚುಗಳಿಂದ ಕಿಟ್‌ಗಳನ್ನೂ ವರ್ಷವರ್ಷವೂ ತರುತ್ತಿದ್ದವು. ಮಾನೋಗ್ರಾಮ್ ಮಾತ್ರ ಹೆಚ್ಚಾಗಿ 1/24ರಲ್ಲಿ ಮಾಡುತ್ತಿತ್ತು. ಇವೆರಡನ್ನೂ ಒಂದೇ ಷೋಕೇಸಿನಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. ಕಪ್ರೀಸ್ 1/25ರಲ್ಲಿ 226 ಮಿ.ಮೀ., 1/24ರಲ್ಲಿ 236 ಮಿ.ಮೀ. ಉದ್ದ ಬರುತ್ತದೆ.

ಎಂಪಿಸಿಯ 1976ರ ಕಪ್ರೀಸ್ ಕಿಟ್ ಅನ್ನು ಈಗ ಎಎಂಟಿ, ಎಂಪಿಸಿ ಎರಡೂ ಹೆಸರುಗಳ ಒಡೆತನ ಹೊಂದಿರುವ ರೌಂಡ್ 2 ಕಂಪನಿ ಮತ್ತೆ ಬಿಡುಗಡೆ ಮಾಡಿದೆ. ಮೊದಲ ಬಾರಿಗೆ ದೊಡ್ಡ ಕಾರು ಕಟ್ಟುವವರು ಇಂಥ ಮರುಬಿಡುಗಡೆಯನ್ನೇ ಕೊಳ್ಳಿ. ಆ ಕಾಲದ ಮೂಲ ಕಿಟ್‌ಗಳು ಸಂಗ್ರಾಹಕರ ಬೆಲೆಗೆ ಹೋಗುತ್ತವೆ, ಮೇಲಾಗಿ ಐವತ್ತು ವರ್ಷದ ಪ್ಲಾಸ್ಟಿಕ್ಕು ಬಾಗಿರುವುದೇ ಹೆಚ್ಚು. ಸ್ವಲ್ಪ ಸುಲಭದ್ದು ಬೇಕೆಂದರೆ ರೆವೆಲ್‌ನ 1976ರ ಫೋರ್ಡ್ ಟೊರಿನೊ ಇದೆ. ಅಚ್ಚು ಇತ್ತೀಚಿನದು, ಭಾಗಗಳು ಚೆನ್ನಾಗಿ ಕೂರುತ್ತವೆ. ಆಗಿನ ಅಮೆರಿಕದಲ್ಲಿ ಅದು ಮಧ್ಯಮ ಗಾತ್ರದ ಕಾರು ಎನ್ನಿಸಿಕೊಂಡಿತ್ತು!

ಹಳೆಯ ಅಚ್ಚಿನ ಕಿಟ್‌ನಿಂದ ಏನು ನಿರೀಕ್ಷಿಸಬೇಕೆಂದು ಮೊದಲೇ ತಿಳಿದಿರಲಿ. ಬಾಡಿಯ ಆಕಾರ ಸಾಮಾನ್ಯವಾಗಿ ಬಹಳ ಚೆನ್ನಾಗಿರುತ್ತದೆ, ಕಾರ್ಖಾನೆಯ ನಕ್ಷೆಗಳನ್ನೇ ನೋಡಿ ಅಚ್ಚು ಕೊರೆದ ಕಾಲವದು. ಚಾಸಿ, ಎಂಜಿನ್ ಕೋಣೆ, ಒಳಾಂಗಣ ಸರಳವಾಗಿರುತ್ತವೆ. ಕೆಲವದರಲ್ಲಿ ಮುಂದಿನ ಚಕ್ರಗಳನ್ನು ಜೋಡಿಸುವ ಕಬ್ಬಿಣದ ಆಕ್ಸಲ್ ಎಂಜಿನ್ ಬ್ಲಾಕಿನ ನಡುವೆಯೇ ತೂರಿ ಹೋಗುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ಸರಿಯಾದ ಬಾಡಿ ಸಿಕ್ಕರೆ ಉಳಿದದ್ದನ್ನು ತಿದ್ದಬಹುದು.

ಚಿತ್ರ ಮೊದಲು, ಚಾಕು ಆಮೇಲೆ

ಕೆಲಸಕ್ಕೆ ಕೂರುವ ಮುನ್ನ ಆ ವರ್ಷದ್ದೇ ಕಾರಿನ ಚಿತ್ರಗಳನ್ನು ಕೂಡಿಡಿ. ಷೆವರ್ಲೆಯ 1976ರ ಮಾರಾಟ ಪುಸ್ತಿಕೆಯ ಪುಟಗಳು ಅಂತರ್ಜಾಲದಲ್ಲಿ ಸಿಗುತ್ತವೆ. ವರ್ಷ ಸರಿಯಾಗಿರಲೇಬೇಕು, ಏಕೆಂದರೆ ಆ ದಶಕದಲ್ಲಿ ಕಾನೂನು ಪ್ರತಿ ವರ್ಷವೂ ಕಾರಿನ ಮುಖವನ್ನು ಬದಲಿಸುತ್ತಿತ್ತು. 1973ರಿಂದ ಮುಂದಿನ ಬಂಪರು ಗಂಟೆಗೆ 5 ಮೈಲಿ ವೇಗದ ಡಿಕ್ಕಿಯನ್ನು ತಾಳಬೇಕಾಯಿತು, ಮರುವರ್ಷ ಹಿಂದಿನದಕ್ಕೂ ಅದೇ ನಿಯಮ ಬಂತು. ಬಂಪರುಗಳು ಬಾಡಿಯಿಂದ ಹೊರಗೆ ಸರಿದವು, ನಡುವಿನ ಸಂದನ್ನು ಬಾಡಿಯ ಬಣ್ಣದ ಮೆತ್ತನೆ ತುಂಡುಗಳಿಂದ ಮುಚ್ಚಿದರು. 1975ರಲ್ಲಿ ಚೌಕ ಹೆಡ್‌ಲ್ಯಾಂಪಿಗೆ ಅನುಮತಿ ಸಿಕ್ಕಿತು. 1976ರ ಕಪ್ರೀಸ್‌ಗೆ ನಾಲ್ಕು ಚೌಕ ದೀಪ ಬಂದರೆ ಅದರ ಕಡಿಮೆ ಬೆಲೆಯ ಒಡಹುಟ್ಟು ಇಂಪಾಲಾ ದುಂಡು ದೀಪಗಳಲ್ಲೇ ಉಳಿಯಿತು. 1974ರ ಚಿತ್ರ ನೋಡಿ 1976ರ ಕಾರು ಕಟ್ಟಿದರೆ ತಪ್ಪು ಮೂತಿಯ ಮೇಲೇ ಕಾಣುತ್ತದೆ.

ತೊಳೆಯುವುದು, ನೇರ ಮಾಡುವುದು

ಎಲ್ಲ ಭಾಗಗಳನ್ನೂ ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಮೆತ್ತನೆ ಬ್ರಷ್ಷಿನಿಂದ ತೊಳೆಯಿರಿ. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಎಣ್ಣೆಯಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಪೆಟ್ಟಿಗೆ ತೆರೆದ ದಿನವೇ ಟೈರುಗಳನ್ನು ಬೇರೆ ಚೀಲಕ್ಕೆ ಹಾಕಿಬಿಡಿ. ವಿನೈಲ್ ಟೈರನ್ನು ಮೆತ್ತಗಿಡುವ ರಾಸಾಯನಿಕ ಕಾಲಕ್ರಮೇಣ ಹೊರಗೆ ಜಿನುಗಿ, ತಗುಲಿದ ಪಾಲಿಸ್ಟೈರೀನ್ ಭಾಗವನ್ನು, ಅದರಲ್ಲೂ ಗಾಜಿನ ತುಂಡನ್ನು, ಕರಗಿಸುತ್ತದೆ.

ಈಗ ಬಾಡಿಯನ್ನು ಸಪಾಟಾದ ಗಾಜಿನ ಮೇಲಿಟ್ಟು ಕಣ್ಣಿನ ಮಟ್ಟದಲ್ಲಿ ನೋಡಿ. ಇಷ್ಟುದ್ದದ ತೆಳು ಬಾಡಿಗಳು ಬಾಗಿಲ ಕೆಳಗಿನ ಅಂಚಿನಲ್ಲಿ ಒಳಗೋ ಹೊರಗೋ ಬಾಗಿರುತ್ತವೆ, ಬಾನೆಟ್‌ನ ಮೂಲೆ ಎದ್ದಿರುತ್ತದೆ. ಬಿಸಿನೀರಿನಲ್ಲಿ ಆ ಭಾಗವನ್ನು ಸ್ವಲ್ಪ ಹೊತ್ತು ಅದ್ದಿ, ಬೆರಳಿನಿಂದ ಮೆಲ್ಲಗೆ ತಿದ್ದಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡವೇ ಬೇಡ. ನೂರು ಡಿಗ್ರಿಯ ಸಮೀಪ ಪಾಲಿಸ್ಟೈರೀನ್ ಪೂರ್ತಿ ಸೋತುಹೋಗುತ್ತದೆ, ಬಾಗಿದ್ದು ತಿರುಚಿಕೊಳ್ಳುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ತಿದ್ದಿ.

ನಂತರ ಬಾಡಿ, ಚಾಸಿ, ಒಳಾಂಗಣದ ತೊಟ್ಟಿ, ಗಾಜು, ಬಂಪರು ಎಲ್ಲವನ್ನೂ ಅಂಟಿಲ್ಲದೆ ಮಾಸ್ಕಿಂಗ್ ಟೇಪಿನಿಂದ ಹಿಡಿಸಿ ಇಡೀ ಕಾರನ್ನು ಒಮ್ಮೆ ನಿಲ್ಲಿಸಿ ನೋಡಿ. ಎಲ್ಲಿ ತಗುಲುತ್ತದೆ, ಎಲ್ಲಿ ಸಂದು ಬೀಳುತ್ತದೆ ಎಂಬುದು ಬಣ್ಣ ಹಚ್ಚುವ ಮೊದಲೇ ಗೊತ್ತಾಗಬೇಕು. ಚಕ್ರಾಂತರವನ್ನೂ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರವನ್ನೂ, ಅಳೆಯಿರಿ. ನಿಜವಾದ ಕಾರಿನದು 121.5 ಇಂಚು, 1/25ರ ಮಾದರಿಯಲ್ಲಿ 123.4 ಮಿ.ಮೀ. ಬರಬೇಕು.

ಬಾಡಿ: ಇಲ್ಲಿ ಅವಸರ ಬೇಡ

ಅಚ್ಚಿನ ಎರಡು ಭಾಗ ಕೂಡುವಲ್ಲಿ ಬಾಡಿಯ ಮೇಲೆ ಕೂದಲೆಳೆಯಂಥ ಗೆರೆ ಉಳಿದಿರುತ್ತದೆ. ಹೆಚ್ಚಾಗಿ ಮಡ್‌ಗಾರ್ಡ್‌ನ ಮೇಲಂಚಿನುದ್ದಕ್ಕೂ ಚಾವಣಿಯ ಕಂಬಗಳ ಮೇಲೂ ಓಡುವ ಈ ಗೆರೆ ಕಾರಿನ ಅಂಚೇ ಇರಬೇಕೆಂದು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಹೊಳಪಿನ ಬಣ್ಣ ಬಿದ್ದ ಮೇಲೆ ಅದು ಎದ್ದು ಕಾಣುತ್ತದೆ. ಚಾಕುವಿನ ಅಲಗನ್ನು ಲಂಬವಾಗಿ ಹಿಡಿದು ಮೃದುವಾಗಿ ಕೆರೆದು, 400ರಿಂದ ಶುರು ಮಾಡಿ 600, 1000ರ ನೀರು-ಮರಳುಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ಉಜ್ಜಿ.

ಉಜ್ಜುವಾಗ ಮರಳುಕಾಗದವನ್ನು ಬೆರಳಿಗೆ ಸುತ್ತಬೇಡಿ. ಬೆರಳಿನ ಒತ್ತಡ ಒಂದೇ ಕಡೆ ಬಿದ್ದು ಅಲ್ಲಿ ತಗ್ಗು ಮಾಡುತ್ತದೆ, ಚಪ್ಪಟೆ ಬಾಗಿಲಿನ ಮೇಲೆ ಅಂಥ ತಗ್ಗು ಬೆಳಕನ್ನು ಅಲುಗಿಸುತ್ತದೆ. ಒಂದಿಂಚು ಅಗಲ, ನಾಲ್ಕಿಂಚು ಉದ್ದದ ಗಟ್ಟಿ ಅಕ್ರಿಲಿಕ್ ತುಂಡಿಗೆ ಕಾಗದ ಅಂಟಿಸಿಕೊಂಡು ಕಾರಿನ ಉದ್ದಕ್ಕೇ ಎಳೆಯಿರಿ. ಉದ್ದನೆಯ ಗೆರೆಯನ್ನು ಉದ್ದನೆಯ ಸಾಧನವೇ ಕಾಯುತ್ತದೆ. ತಗ್ಗು ಕಂಡಲ್ಲಿ ತೆಳುವಾಗಿ ಪುಟ್ಟಿ ತುಂಬಿ, ಒಣಗಿದ ಮೇಲೆ ಮತ್ತೆ ಉಜ್ಜಿ.

ಬಾಗಿಲು, ಡಿಕ್ಕಿ, ಬಾನೆಟ್‌ನ ಸುತ್ತಲಿನ ಸಂದುಗಳನ್ನು ಬಣ್ಣಕ್ಕೆ ಮುನ್ನವೇ ಆಳ ಮಾಡಬೇಕು. ಹಳೆಯ ಅಚ್ಚುಗಳಲ್ಲಿ ಅವು ಆಳವಿರುವುದಿಲ್ಲ, ಪ್ರೈಮರ್ (ಬಣ್ಣದಡಿಯ ತಳಪದರ), ಬಣ್ಣ, ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸೇರಿ ಮುಚ್ಚಿಹೋಗುತ್ತವೆ. 11ನೇ ನಂಬರಿನ ಬ್ಲೇಡಿನ ಬೆನ್ನಿನಿಂದ ಒತ್ತದೆ ಹಲವು ಬಾರಿ ಎಳೆಯಿರಿ. ಮೊದಲ ಎಳೆತ ದಾರಿ ಹಿಡಿದರೆ ಉಳಿದವು ತಾವೇ ಹಿಂಬಾಲಿಸುತ್ತವೆ.

ಉಬ್ಬಿದ ಸಣ್ಣ ಅಕ್ಷರಗಳು, ಲಾಂಛನಗಳು ಇರುವ ಕಡೆ ಮರಳುಕಾಗದ ತಾಗಿಸಬೇಡಿ. ಅವುಗಳಿಗೊಂದು ಒಳ್ಳೆಯ ಉಪಾಯವಿದೆ. ಪ್ರೈಮರ್ ಆದ ಮೇಲೆ, ಬಣ್ಣಕ್ಕೆ ಮುನ್ನ, ಅಕ್ಷರಗಳ ಮೇಲೆ ಅತಿ ತೆಳು ಲೋಹದ ಹಾಳೆಯ (ಕ್ರೋಮ್ ಭಾಗದಲ್ಲಿ ವಿವರವಿದೆ) ಸಣ್ಣ ತುಂಡು ಅಂಟಿಸಿ, ಅಕ್ಷರದ ಹೊರಗಿನದನ್ನು ಹತ್ತಿರದಲ್ಲೇ ಕತ್ತರಿಸಿ ತೆಗೆಯಿರಿ. ಅದರ ಮೇಲೇ ಬಣ್ಣ ಸಿಂಪಡಿಸಿ. ಬಣ್ಣ ಒಣಗಿದ ಮೇಲೆ, ಕ್ಲಿಯರ್ ಹಚ್ಚುವ ಮೊದಲು, ಥಿನ್ನರ್ ಬರೀ ತೇವವಾಗುವಷ್ಟು ತಾಗಿಸಿದ ಬಟ್ಟೆಯಿಂದ ಅಕ್ಷರದ ತಲೆಯನ್ನಷ್ಟೇ ಸವರಿದರೆ ಒಳಗಿನ ಲೋಹ ಹೊಳೆಯುತ್ತದೆ. ಬ್ರಷ್ಷಿನಲ್ಲಿ ಇಷ್ಟು ಚೂಪಾಗಿ ಬೆಳ್ಳಿ ಬಣ್ಣ ಹಚ್ಚಲು ಯಾರಿಂದಲೂ ಆಗದು.

ಬಣ್ಣ

ಆ ಕಾಲದ ಬಣ್ಣಗಳೇ ಬೇರೆ. ಕಂದು, ಕೆನೆ, ಸಾಧು ಹಸಿರು, ಮಣ್ಣುಗೆಂಪು. ಷೆವರ್ಲೆಯ 1976ರ ಪಟ್ಟಿಯಲ್ಲಿ ಫೈರ್‌ಥಾರ್ನ್ ಎಂಬ ಗಾಢ ಕೆಂಪು ಮೆಟಾಲಿಕ್, ಆಂಟಿಕ್ ವೈಟ್ ಎಂಬ ಹಳದಿ ಛಾಯೆಯ ಬಿಳುಪು, ಬಕ್‌ಸ್ಕಿನ್ ಎಂಬ ತೊಗಲಿನ ಬಣ್ಣ ಇದ್ದವು. ಈ ಗಾತ್ರದ ಕಾರಿಗೆ ಇವೇ ಒಪ್ಪುತ್ತವೆ. ಮೊದಲ ಯತ್ನಕ್ಕೆ ನಾನು ಹೇಳುವುದು ಆಂಟಿಕ್ ವೈಟ್ ಅಥವಾ ಬಕ್‌ಸ್ಕಿನ್. ಮೆಟಾಲಿಕ್ ಬಣ್ಣದಲ್ಲಿ ಲೋಹದ ಪುಡಿ ಎಲ್ಲ ಕಡೆ ಸಮನಾಗಿ ಕೂರುವಂತೆ ಇಷ್ಟುದ್ದದ ಬದಿಗೆ ಸಿಂಪಡಿಸುವುದಕ್ಕೆ ಕೈ ಪಳಗಿರಬೇಕು.

ಮಾದರಿಗೆಂದೇ ಮಾಡಿದ ಟಮಿಯಾ, ಮಿಸ್ಟರ್ ಹಾಬಿ ಬಣ್ಣಗಳು ಸಿಕ್ಕರೆ ಅವೇ ಉತ್ತಮ. ಆದರೆ ಸ್ಪ್ರೇ ಡಬ್ಬಿಗಳನ್ನು ವಿಮಾನದಲ್ಲಿ ತರಿಸಿಕೊಳ್ಳುವುದು ಕಷ್ಟ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಇರುವವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ವಾಹನ ಬಿಡಿಭಾಗಗಳ ಪೇಟೆಯಲ್ಲಿ ಕಾರಿನ ಬಣ್ಣ ಬೆರೆಸಿ ಕೊಡುವ ಅಂಗಡಿ ಹುಡುಕಬಹುದು. ಎರಡು ಎಚ್ಚರಿಕೆ. ಕಾರಿನ ಬಣ್ಣದ ಥಿನ್ನರ್ ಬರಿಯ ಪ್ಲಾಸ್ಟಿಕ್ಕನ್ನು ಸೀಳುಸೀಳಾಗಿಸುತ್ತದೆ, ಪೂರ್ತಿ ಪ್ರೈಮರ್ ಹೊದಿಸಿರಬೇಕು ಮತ್ತು ಮೊದಲ ಪದರಗಳು ಒಣಮಂಜಿನಷ್ಟು ತೆಳುವಾಗಿರಬೇಕು. ಇನ್ನೊಂದು, ನಿಜವಾದ ಕಾರಿನ ಮೆಟಾಲಿಕ್ ಪುಡಿ 1/25ರಲ್ಲಿ ಗೋಲಿ ಗಾತ್ರಕ್ಕೆ ಕಾಣುತ್ತದೆ. ಅಲ್ಲಿಂದ ಸಾದಾ ಬಣ್ಣವನ್ನಷ್ಟೇ ತನ್ನಿ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಕ್ಲಿಯರ್‌ನಲ್ಲಿ ಐಸೊಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ, ಅದನ್ನು ಮನೆಯೊಳಗೆ ಸಿಂಪಡಿಸುವುದು ಬೇಡ. ಯಾವ ಬಣ್ಣವಾದರೂ ಆವಿ ತಡೆಯುವ ಕಾರ್ಟ್ರಿಜ್ ಮುಖವಾಡ ಕಟ್ಟಿಕೊಳ್ಳಿ. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು.

ಹವಾಮಾನದ ಮಾತು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲ್ಯಾಕರ್ (ಥಿನ್ನರ್ ಆರಿ ಬೇಗ ಒಣಗುವ ಬಣ್ಣ) ಸಿಂಪಡಿಸದಿರುವುದೇ ಲೇಸು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂತು, ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಬಿಸಿಲಿರುವ ದಿನದ ಬೆಳಗಿನ ಹನ್ನೊಂದರಿಂದ ಮಧ್ಯಾಹ್ನದವರೆಗಿನ ಹೊತ್ತು ಚೆನ್ನ. ಹಾಗೆ ಬೆಳ್ಳಗಾದರೆ ಒಣಹವೆಯ ದಿನ ನಿಧಾನವಾಗಿ ಆರುವ ಥಿನ್ನರ್ ಬೆರೆಸಿದ ತೆಳು ಪದರ ಕೊಟ್ಟರೆ ಹೆಚ್ಚಾಗಿ ತಿಳಿಯಾಗುತ್ತದೆ.

ಕ್ರಮ ಹೀಗಿರಲಿ: ಬೂದು ಪ್ರೈಮರ್, ತಪ್ಪು ಹುಡುಕುವುದು, ತಿದ್ದುವುದು, ಮತ್ತೆ ಪ್ರೈಮರ್. ಕೆಂಪು ಅಥವಾ ಹಳದಿ ಪ್ಲಾಸ್ಟಿಕ್‌ನಲ್ಲಿ ಅಚ್ಚಾದ ಬಾಡಿಯಾದರೆ ಅದರ ಬಣ್ಣ ಮೇಲಕ್ಕೆ ಇಂಗಿ ಬರುತ್ತದೆ, ನಡುವೆ ಬೆಳ್ಳಿ ಬಣ್ಣದ ಒಂದು ಪದರ ಕೊಡಿ. ಆಮೇಲೆ ಮೂರು ನಾಲ್ಕು ತೆಳು ಪದರ ಬಣ್ಣ. ಪ್ರತಿ ಸಲವೂ ಸಿಂಪಡಿಕೆ ಬಂಪರಿನ ಹೊರಗೆ ಶುರುವಾಗಿ ಇನ್ನೊಂದು ಬಂಪರಿನ ಹೊರಗೆ ಮುಗಿಯಬೇಕು, ಬಾಗಿಲ ನಡುವೆ ಕೈ ನಿಲ್ಲಬಾರದು. ಬಾನೆಟ್ಟನ್ನೂ ಬಂಪರ್ ಸಂದಿನ ತುಂಡುಗಳನ್ನೂ ಬಾಡಿಯ ಜೊತೆಗೇ, ಅವು ಕೂರುವ ದಿಕ್ಕಿನಲ್ಲೇ ಇಟ್ಟು ಸಿಂಪಡಿಸಿ. ಕ್ಲಿಯರ್ ಪೂರ್ತಿ ಗಟ್ಟಿಯಾದ ಮೇಲೆ 2000ದಿಂದ ಮೇಲಿನ ನುಣುಪು ಕಾಗದಗಳಲ್ಲಿ ನೀರು ಹಾಕಿ ಉಜ್ಜಿ, ಪಾಲಿಷ್ ಮಾಡಿ. ಅಂಚುಗಳ ಮೇಲೆ ಕೈ ಹಗುರವಿರಲಿ, ಬಣ್ಣ ಮೊದಲು ಕಿತ್ತುಹೋಗುವುದು ಅಲ್ಲೇ. ಕನ್ನಡಿಯಷ್ಟು ಹೊಳಪಿಗೆ ಹಟ ಹಿಡಿಯುವುದು ಬೇಡ. ಜನರಲ್ ಮೋಟರ್ಸ್ ಆಗ ಬಳಸುತ್ತಿದ್ದುದು ಅಕ್ರಿಲಿಕ್ ಲ್ಯಾಕರ್, ಇವತ್ತಿನ ಕ್ಲಿಯರ್ ಹೊದಿಸಿದ ಕಾರಿನ ತೇವದ ಹೊಳಪು ಅದಕ್ಕಿರಲಿಲ್ಲ.

ವಿನೈಲ್ ಚಾವಣಿ

ಎಪ್ಪತ್ತರ ದಶಕದ ದೊಡ್ಡ ಕಾರಿಗೆ ವಿನೈಲ್ ಹೊದಿಕೆಯ ಚಾವಣಿ ಇದ್ದರೇ ಕಳೆ. ಕಿಟ್‌ನಲ್ಲೇ ತರಿತರಿ ಮೂಡಿಸಿದ್ದರೆ ಚಾವಣಿಯ ಸುತ್ತ ಟೇಪಿನಿಂದ ಮರೆಮಾಡಿ ಅರೆಹೊಳಪಿನ ಬಣ್ಣ ಸಿಂಪಡಿಸಿದರೆ ಸಾಕು. ನುಣುಪು ಚಾವಣಿಯಾದರೆ ಎರಡು ದಾರಿಗಳಿವೆ. ಮೊದಲನೆಯದು, ಮ್ಯಾಟ್ ಬಣ್ಣವನ್ನು ದೂರದಿಂದ, ಅರ್ಧ ಒಣಗಿ ಬೀಳುವಂತೆ ಸಿಂಪಡಿಸುವುದು, ತರಿತರಿಯಾಗಿ ಕೂರುತ್ತದೆ. ಎರಡನೆಯದು ನನಗೆ ಹೆಚ್ಚು ಇಷ್ಟ: ಔಷಧದಂಗಡಿಯಲ್ಲಿ ಸಿಗುವ, ಗಾಯದ ಬ್ಯಾಂಡೇಜಿಗೆ ಹಾಕುವ ತೆಳು ಕಾಗದದ ಟೇಪು. ಅದರ ಮೈಯಲ್ಲಿರುವ ಸಣ್ಣ ಉಬ್ಬುತಗ್ಗು ಈ ಅಳತೆಗೆ ಹೊಂದುತ್ತದೆ. ನಿಜವಾದ ಹೊದಿಕೆಯಲ್ಲಿ ಹೊಲಿಗೆ ಎಲ್ಲಿ ಬರುತ್ತದೋ ಅಲ್ಲೇ ಟೇಪಿನ ಅಂಚುಗಳು ಸೇರುವಂತೆ ಹಾಸಿ. ಸಾಮಾನ್ಯವಾಗಿ ಚಾವಣಿಯ ಎರಡೂ ಬದಿಯಲ್ಲಿ ಉದ್ದಕ್ಕೆ ಒಂದೊಂದು ಹೊಲಿಗೆ. ಅಂಚನ್ನು ಹೊಸ ಬ್ಲೇಡಿನಿಂದ ಕತ್ತರಿಸಿ, ತೆಳು ಪ್ರೈಮರ್ ಕೊಟ್ಟು ಬಣ್ಣ ಹಚ್ಚಿ. ಬಿಳಿ ಬಾಡಿಗೆ ಗಾಢ ಕೆಂಪು ಹೊದಿಕೆ, ಬಕ್‌ಸ್ಕಿನ್‌ಗೆ ಕಂದು ಹೊದಿಕೆ ಬಹಳ ಚೆನ್ನಾಗಿ ಕಾಣುತ್ತವೆ. ಲೋಹದ ಹಾಳೆಯ ಕೆಲಸ ಚಾವಣಿ ಮುಗಿದ ಮೇಲೇ ಬರಬೇಕು, ಏಕೆಂದರೆ ಹೊದಿಕೆಯ ಅಂಚನ್ನು ಮುಚ್ಚುವುದು ಕ್ರೋಮ್ ಪಟ್ಟಿ.

ಕ್ರೋಮ್

ಕಿಟಕಿಯ ಚೌಕಟ್ಟು, ಚಕ್ರಕಮಾನಿನ ಅಂಚು, ಬಾಗಿಲ ಕೆಳಗಿನ ಪಟ್ಟಿ, ಇವೆಲ್ಲಕ್ಕೂ ಬೇರ್-ಮೆಟಲ್ ಫಾಯಿಲ್ ಎಂಬ ಅಂಟುಳ್ಳ ಅತಿ ತೆಳು ಲೋಹದ ಹಾಳೆಗಿಂತ ಒಳ್ಳೆಯದು ನಾನು ಕಂಡಿಲ್ಲ. ಸಿಗದಿದ್ದರೆ ಚಾಕಲೇಟು ಸುತ್ತುವ ತೆಳು ಅಲ್ಯೂಮಿನಿಯಂ ಹಾಳೆಯ ಹಿಂಬದಿಗೆ ಫಾಯಿಲ್ ಅಂಟು ಸವರಿ ಬಳಸಬಹುದು. ಬೆಳ್ಳಿ ಮಾರ್ಕರ್ ಈ ಉದ್ದದ ಪಟ್ಟಿಗಳಿಗೆ ಸಲ್ಲ. ಕೈ ನಡುಗಿದ್ದೆಲ್ಲ ಅದರಲ್ಲಿ ದಾಖಲಾಗುತ್ತದೆ.

ಪಟ್ಟಿಗಿಂತ ಸ್ವಲ್ಪ ಅಗಲದ ತುಂಡು ಕತ್ತರಿಸಿ, ಎಳೆಯದೆ ಹಗುರವಾಗಿ ಹಾಸಿ. ಹತ್ತಿಯ ಕಡ್ಡಿಯಿಂದ ನಡುವಿನಿಂದ ಹೊರಕ್ಕೆ ಒತ್ತಿ, ಮೊನೆ ಮೊಂಡು ಮಾಡಿದ ಹಲ್ಲುಕಡ್ಡಿಯಿಂದ ಅಂಚಿನ ಮೂಲೆಗೆ ಕೂರಿಸಿ. ಬ್ಲೇಡು ಹೊಸದಾಗಿರಲಿ; ಮೊಂಡಾದ ಬ್ಲೇಡು ಹಾಳೆಯನ್ನು ಕತ್ತರಿಸದೆ ಹರಿಯುತ್ತದೆ. ಉಬ್ಬಿದ ಪಟ್ಟಿಯ ಅಂಚೇ ನಿಮಗೆ ದಾರಿ, ಬ್ಲೇಡಿನ ತೂಕವೊಂದೇ ಸಾಕು. ಉದ್ದ ಪಟ್ಟಿಯನ್ನು ಒಂದೇ ತುಂಡಿನಲ್ಲಿ ಮಾಡಲಾಗದಿದ್ದರೆ ಜೋಡಣೆ ಬಾಗಿಲ ಸಂದಿನಲ್ಲಿ ಬರಲಿ. ನಿಜವಾದ ಕಾರಿನಲ್ಲೂ ಪಟ್ಟಿ ಕಡಿಯುವುದು ಅಲ್ಲೇ ತಾನೆ.

ಬಂಪರು, ಗ್ರಿಲ್ ಕಿಟ್‌ನಲ್ಲೇ ಕ್ರೋಮ್ ಲೇಪನದೊಂದಿಗೆ ಬರುತ್ತವೆ. ಲೇಪನದಡಿ ಅಚ್ಚಿನ ಗೆರೆ ಕಂಡರೆ ಬಟ್ಟೆ ಬಿಳುಪು ಮಾಡುವ ಹೈಪೊಕ್ಲೋರೈಟ್ ದ್ರಾವಣದಲ್ಲಿ ಮುಳುಗಿಸಿ. ಲೇಪನ ಬರೀ ತೆಳು ಅಲ್ಯೂಮಿನಿಯಂ ಆದ್ದರಿಂದ ಬೇಗ ಬಿಟ್ಟುಹೋಗುತ್ತದೆ. ಗೆರೆ ಉಜ್ಜಿ, ಹೊಳಪು ಕಪ್ಪು ಹಚ್ಚಿ, ಅದರ ಮೇಲೆ ಆಲ್‌ಕ್ಲ್ಯಾಡ್ ಎಂಬ ಕ್ರೋಮ್ ಬಣ್ಣ ಸಿಂಪಡಿಸಿ. ಕಪ್ಪು ಎಷ್ಟು ನುಣುಪೋ ಕ್ರೋಮ್ ಅಷ್ಟೇ ಹೊಳೆಯುತ್ತದೆ. ಗೆರೆ ಸಣ್ಣದಾಗಿದ್ದರೆ ಮೂಲ ಲೇಪನವನ್ನೇ ಉಳಿಸಿಕೊಳ್ಳಿ, ಅದರಷ್ಟು ಗಟ್ಟಿ ಬೇರೊಂದಿಲ್ಲ. ಲೇಪನದ ಮೇಲೆ ಅಂಟು ಹಿಡಿಯದಾದ್ದರಿಂದ ಅಂಟುವ ಜಾಗದಲ್ಲಷ್ಟೇ ಅದನ್ನು ಕೆರೆಯಿರಿ. ಗ್ರಿಲ್‌ನ ತಗ್ಗುಗಳಿಗೆ ತೆಳು ಕಪ್ಪು ಬಣ್ಣ ಹರಿಸಿ, ಮೇಲಿನದನ್ನು ಒರೆಸಿದರೆ ಅದರ ಆಳ ಕಣ್ಣಿಗೆ ಬರುತ್ತದೆ. ಬಂಪರಿನ ರಬ್ಬರ್ ಪಟ್ಟಿಗೆ ಮ್ಯಾಟ್ ಕಪ್ಪು. ಬಂಪರಿನ ಸಂದಿನ ಮೆತ್ತನೆ ತುಂಡುಗಳಿಗೆ ಬಾಡಿಗಿಂತ ಒಂದು ಛಾಯೆ ಕಡಿಮೆ ಹೊಳಪು ಕೊಡಿ. ಆ ವಸ್ತು ಉಕ್ಕಿಗಿಂತ ಬೇಗ ಮಾಸುತ್ತಿತ್ತು.

ಚಾಸಿ, ಚಕ್ರ, ನಿಲುವು

ಕೆಳಭಾಗವನ್ನು ಚುಟುಕಾಗಿ ಮುಗಿಸಬಹುದು. ಫ್ರೇಮ್ ಅರೆಹೊಳಪು ಕಪ್ಪು, ನೆಲದ ತಗಡು ಪ್ರೈಮರ್ ಬಣ್ಣ, ಅಂಚಿನಲ್ಲಿ ಬಾಡಿ ಬಣ್ಣದ ಮಂಜು. ಒಂದು ಅಂಶ ಮರೆಯಬೇಡಿ: 1975ರಿಂದ ಈ ಕಾರುಗಳಿಗೆ ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಹೊಗೆಕೊಳವೆ ಒಂಟಿಯಾಯಿತು. ಕಿಟ್‌ನ ಚಾಸಿ ಹಿಂದಿನ ವರ್ಷಗಳಿಂದ ಉಳಿದುಬಂದು ಜೋಡಿ ಕೊಳವೆ ಇದ್ದರೆ ಒಂದನ್ನು ಕಡಿದು, ಇನ್ನೊಂದರ ನಡುವೆ ಚಪ್ಪಟೆ ಕನ್ವರ್ಟರ್ ಮಾಡಿ ಕೂರಿಸಿ.

ನಿಲುವಿನ ಮೇಲೆ ಗಮನವಿರಲಿ. ಹಳೆಯ ಕಿಟ್‌ಗಳು ಮುಂದೆ ಎತ್ತರಕ್ಕೆ ನಿಲ್ಲುವುದು ಸಾಮಾನ್ಯ. ಎರಡು ಟನ್ ತೂಗುವ ಕಾರು ತನ್ನ ಸ್ಪ್ರಿಂಗಿನ ಮೇಲೆ ಕುಳಿತಂತೆ ಕಾಣಬೇಕು. ಪಕ್ಕದಿಂದ ತೆಗೆದ ನಿಜವಾದ ಕಾರಿನ ಚಿತ್ರದಲ್ಲಿ ಟೈರಿನ ಮೇಲಂಚು ಚಕ್ರಕಮಾನಿನೊಳಗೆ ಎಷ್ಟು ಅಡಗಿದೆ ನೋಡಿ, ಅಷ್ಟಕ್ಕೆ ಆಕ್ಸಲ್ಲಿನ ತೂತನ್ನು ಮೇಲಕ್ಕೆ ಸರಿಸಿ. ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ ಒಂದಿಂಚು. ನಾಲ್ಕೂ ಚಕ್ರ ಗಾಜಿನ ಹಲಗೆಗೆ ತಗುಲುವುದನ್ನು ನೋಡಿಕೊಂಡೇ ಅಂಟಿಸಿ.

ಟೈರಿನ ಮೇಲ್ಮೈಯನ್ನು ಮರಳುಕಾಗದದಲ್ಲಿ ಉಜ್ಜಿ ಹೊಳಪು ತೆಗೆಯಿರಿ. ಬಿಳಿ ಪಟ್ಟಿ ಈ ದಶಕದಲ್ಲಿ ತೆಳ್ಳಗಾಗಿತ್ತು, ಹೆಚ್ಚೂಕಡಿಮೆ ಒಂದಿಂಚು, ಅಂದರೆ ಮಾದರಿಯಲ್ಲಿ 1 ಮಿ.ಮೀ. ಐವತ್ತರ ದಶಕದ ಅಗಲ ಬಿಳಿಪಟ್ಟಿಯನ್ನು ಇದಕ್ಕೆ ಹಾಕಿದರೆ ಇಡೀ ಕಾರಿನ ಕಾಲವೇ ಕದಡುತ್ತದೆ. ಚಕ್ರವನ್ನು ನಿಧಾನಗತಿಯ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತ ತೆಳು ಬ್ರಷ್ಷನ್ನು ತಾಗಿಸಿ ಹಿಡಿದರೆ ದುಂಡು ತಪ್ಪುವುದಿಲ್ಲ. ರಿಮ್ಮಿನ ಒಳಮೈಗೆ ಬಣ್ಣ ಹಚ್ಚಿ ಟೈರು ಹಾಕಿ, ಪ್ಲಾಸ್ಟಿಕ್ ಕರಗುವುದು ತಡವಾಗುತ್ತದೆ.

ಒಳಾಂಗಣ

ಇಂದಿನ ಕಾರುಗಳ ಕಪ್ಪು-ಬೂದು ಒಳಾಂಗಣವನ್ನು ಮನಸ್ಸಿನಿಂದ ತೆಗೆದುಹಾಕಿ. ಆಗ ಸೀಟು, ಬಾಗಿಲ ಫಲಕ, ಡ್ಯಾಷ್‌ಬೋರ್ಡ್, ಸ್ಟಿಯರಿಂಗ್, ನೆಲಹಾಸು ಎಲ್ಲ ಒಂದೇ ಬಣ್ಣದ ಕುಟುಂಬ. ಕೆಂಪೆಂದರೆ ಎಲ್ಲವೂ ಕೆಂಪು. ವ್ಯತ್ಯಾಸವನ್ನು ಹೊಳಪಿನಿಂದ ತರಬೇಕು: ಬಟ್ಟೆಯ ಸೀಟು ಪೂರ್ತಿ ಮ್ಯಾಟ್, ವಿನೈಲ್ ಬದಿಗಳು ಅರೆಹೊಳಪು, ನೆಲ ಒಂದು ಛಾಯೆ ಗಾಢ. ಅದೇ ಬಣ್ಣದ ಗಾಢ ತೆಳುದ್ರವವನ್ನು ಸೀಟಿನ ಹೊಲಿಗೆಗಳಿಗೆ ಹರಿಸಿದರೆ ಸೋಫಾದಂಥ ಆ ಬೆಂಚು ಉಬ್ಬಿಕೊಳ್ಳುತ್ತದೆ. ನೆಲಕ್ಕೆ ಫ್ಲಾಕಿಂಗ್ ಎಂಬ ಪುಡಿಯಂಥ ಸಣ್ಣ ನಾರು ಅಥವಾ ಕರಕುಶಲ ಅಂಗಡಿಯ ಎಂಬಾಸಿಂಗ್ ಪುಡಿಯನ್ನು ಬಿಳಿ ಅಂಟಿನ ಮೇಲೆ ಉದುರಿಸಿ.

ಡ್ಯಾಷ್‌ಬೋರ್ಡಿನ ಮರದಂಥ ಪಟ್ಟಿಗೆ ತಿಳಿಕಂದು ಬಣ್ಣದ ಮೇಲೆ ಗಾಢಕಂದು ಎಣ್ಣೆಬಣ್ಣವನ್ನು ಒಣಬ್ರಷ್ಷಿನಲ್ಲಿ ಒಂದೇ ದಿಕ್ಕಿಗೆ ಎಳೆಯಿರಿ. ಮೀಟರುಗಳ ಮೇಲೆ ಒಂದು ಹನಿ ಹೊಳಪು ಕ್ಲಿಯರ್ ಬಿಟ್ಟರೆ ಗಾಜಾಗುತ್ತದೆ.

ಎಂಜಿನ್

ಕಪ್ರೀಸ್‌ಗೆ ಆ ವರ್ಷ 350, 400, 454 ಘನ ಇಂಚಿನ ವಿ8 ಎಂಜಿನ್‌ಗಳಿದ್ದವು. 454 ಎಂದರೆ 7.4 ಲೀಟರ್. ಬ್ಲಾಕು, ಹೆಡ್ಡು, ವಾಲ್ವ್ ಮುಚ್ಚಳಗಳಿಗೆ ಷೆವರ್ಲೆ ಕಿತ್ತಳೆ ಬಣ್ಣ. 1977ರಲ್ಲಿ ಅದು ನೀಲಿಯಾಯಿತು, ನಮ್ಮ ಕಾರಿಗೆ ಕಿತ್ತಳೆಯೇ ಸರಿ.

ಸ್ಪಾರ್ಕ್ ಪ್ಲಗ್ಗಿನ ವೈರು ಎಳೆಯುವವರು ಗಮನಿಸಬೇಕಾದದ್ದು ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್. ಷೆವರ್ಲೆಯ ವಿ8ನಲ್ಲಿ ಅದು ಎಂಜಿನ್ನಿನ ಹಿಂದೆ, ಎಂಜಿನ್ ಕೋಣೆಯನ್ನು ಒಳಾಂಗಣದಿಂದ ಬೇರ್ಪಡಿಸುವ ಫೈರ್‌ವಾಲ್ ಪಕ್ಕ ಇರುತ್ತದೆ. ಕ್ಯಾಡಿಲ್ಯಾಕ್‌ನ 500 ಘನ ಇಂಚಿನ ಎಂಜಿನ್ನಿನಲ್ಲಿ ಮುಂದೆ. 1975ರಿಂದ ಜನರಲ್ ಮೋಟರ್ಸ್ ಎಚ್‌ಇಐ ಎಂಬ ಎಲೆಕ್ಟ್ರಾನಿಕ್ ದಹನ ವ್ಯವಸ್ಥೆ ತಂದಿತು. ಅದರ ಮುಚ್ಚಳ ದೊಡ್ಡದು, ಮಾದರಿಯಲ್ಲಿ ಸುಮಾರು 5 ಮಿ.ಮೀ. ಅಗಲ, ಮತ್ತು ಕಾಯಿಲ್ ಮುಚ್ಚಳದೊಳಗೇ ಇರುತ್ತದೆ. ಹಾಗಾಗಿ ಬೇರೆ ಕಾಯಿಲ್ ಕೂರಿಸಬೇಡಿ. ವೈರು ನಿಜದಲ್ಲಿ 8 ಮಿ.ಮೀ. ದಪ್ಪ, ಮಾದರಿಯಲ್ಲಿ 0.3ರ ಆಸುಪಾಸು. ಇಯರ್‌ಫೋನ್ ಕೇಬಲಿನೊಳಗಿನ ತೆಳು ತಂತಿ ಹೊಂದುತ್ತದೆ. ದಹನಕ್ರಮ, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-8-4-3-6-5-7-2, ಚಾಲಕನ ಬದಿಯಲ್ಲಿ (ಅಮೆರಿಕದ ಕಾರಿನಲ್ಲಿ ಅದು ಎಡಬದಿ) ಬೆಸಸಂಖ್ಯೆಗಳು. ರೇಡಿಯೇಟರಿನ ಮೇಲಿನ ಕೆಳಗಿನ ಕೊಳವೆ, ಹೀಟರಿನ ಎರಡು ಕೊಳವೆ, ಉದ್ದ ಉರುಳೆಯಂಥ ಏರ್‌ಕಂಡಿಷನರ್ ಕಂಪ್ರೆಸರ್, ಬ್ಯಾಟರಿಯ ತಂತಿ, ಇಷ್ಟು ಸೇರಿದರೆ ಬಾನೆಟ್ ತೆರೆದಾಗ ಆ ಕಾಲದ ಗಿಜಿಗಿಜಿ ಕಾಣುತ್ತದೆ. ಇವೆಲ್ಲ ಬೇಡವೆನಿಸಿದರೆ ಬಾನೆಟ್ ಮುಚ್ಚಿಡಿ. ಬಾಡಿ ಚೆನ್ನಾಗಿದ್ದರೆ ಅದೇನೂ ಕೊರತೆಯಲ್ಲ.

ಗಾಜು, ದೀಪ, ನಂಬರ್ ಪ್ಲೇಟು

ಗಾಜಿನ ಭಾಗಗಳಿಗೆ ಸೂಪರ್‌ಗ್ಲೂ ತಾಗಬಾರದು, ಅದರ ಆವಿ ಗಾಜನ್ನು ಮಬ್ಬಾಗಿಸುತ್ತದೆ. ಬಿಳಿ ಅಂಟು ಒಣಗಿದ ಮೇಲೆ ಪಾರದರ್ಶಕವಾಗುತ್ತದೆ, ಅದೇ ಸಾಕು. ಮುಂದಿನ ಗಾಜಿನ ಮೇಲಂಚಿಗೆ ಪಾರದರ್ಶಕ ಹಸಿರಿನ ತೆಳು ಮಂಜು ಸಿಂಪಡಿಸಿದರೆ ಬಿಸಿಲು ತಡೆಯುವ ಪಟ್ಟಿಯಾಗುತ್ತದೆ. ಕೋಲಿನಂಥ ಆಂಟೆನಾ ಹಾಕಬೇಡಿ. ಜನರಲ್ ಮೋಟರ್ಸ್‌ನ ಈ ಕಾರುಗಳಲ್ಲಿ ರೇಡಿಯೋ ಆಂಟೆನಾ ಮುಂದಿನ ಗಾಜಿನೊಳಗೇ ಇರುತ್ತಿತ್ತು: ನಡುವಿನಲ್ಲಿ ಮೇಲಕ್ಕೇರಿ ಎಡಬಲಕ್ಕೆ ತಿರುಗುವ ಎರಡು ಸಣ್ಣ ತಂತಿಗಳು. ಗಾಜಿನ ಒಳಮೈಯಲ್ಲಿ ಸೂಜಿಯಿಂದ ಕಂಡೂ ಕಾಣದಂತೆ ಗೀರಿ.

ಹಿಂದೀಪಗಳಿಗೆ ಮೊದಲು ಬೆಳ್ಳಿ, ಅದರ ಮೇಲೆ ಪಾರದರ್ಶಕ ಕೆಂಪು. ಬದಿಯ ಸಣ್ಣ ದೀಪಗಳನ್ನು ಮರೆಯಬೇಡಿ. 1968ರಿಂದ ಅಮೆರಿಕದಲ್ಲಿ ಅವು ಕಡ್ಡಾಯ, ಮುಂದೆ ಅಂಬರ್, ಹಿಂದೆ ಕೆಂಪು. ಅಮೆರಿಕದ ನಂಬರ್ ಪ್ಲೇಟು 12 ಇಂಚು ಉದ್ದ, 6 ಇಂಚು ಎತ್ತರ. 1/25ಕ್ಕೆ 12.2 ಮತ್ತು 6.1 ಮಿ.ಮೀ.ಗೆ ಮುದ್ರಿಸಿ ತೆಳು ಪ್ಲಾಸ್ಟಿಕ್ಕಿಗೆ ಅಂಟಿಸಿ. ಕ್ಯಾಲಿಫೋರ್ನಿಯಾದ ಕಾರೆಂದರೆ ನೀಲಿಯ ಮೇಲೆ ಹಳದಿ ಅಕ್ಷರ, ಹಿಂದೆ ಮುಂದೆ ಎರಡೂ ಕಡೆ.

ಕೊನೆಯ ಜೋಡಣೆಯಲ್ಲಿ ಒಳಾಂಗಣದ ತೊಟ್ಟಿಯನ್ನು ಮೊದಲು, ಆಮೇಲೆ ಚಾಸಿಯನ್ನು ಬಾಡಿಯೊಳಗೆ ಹಿಂಬದಿಯಿಂದ ಇಳಿಸಿ. ಬಾಡಿಯ ಬದಿಗಳನ್ನು ಬಹಳ ಅಗಲಿಸಿದರೆ ಕಿಟಕಿ ಕಂಬಗಳ ಹಾಳೆ ಬಿರಿಯುತ್ತದೆ, ಆದ್ದರಿಂದ ಇಬ್ಬರಿದ್ದರೆ ಒಳ್ಳೆಯದು. ಬಂಪರುಗಳು ಕಟ್ಟಕಡೆಗೆ. ಎರಡೂ ಬಂಪರು ಒಂದೇ ಎತ್ತರದಲ್ಲಿ, ನೆಲಕ್ಕೆ ಸಮಾಂತರವಾಗಿ ಇವೆಯೇ ಎಂದು ಅಂಟು ಹಸಿಯಿರುವಾಗಲೇ ನೋಡಿ. ಷೋಕೇಸಿನಲ್ಲಿಡುವಾಗ ಬಣ್ಣ ಹಚ್ಚಿದ ಹಲಗೆಯ ಮೇಲೆ ನೇರವಾಗಿ ನಿಲ್ಲಿಸದೆ ಟೈರುಗಳ ಕೆಳಗೆ ಗಾಜೋ ಲೋಹದ ಹಾಳೆಯೋ ಇರಲಿ. ಕಿಟಕಿಯ ಬಿಸಿಲು ನೇರ ಬೀಳದ ಗೋಡೆ ಆರಿಸಿ, ಅಲ್ಲದಿದ್ದರೆ ಬಿಸಿನೀರಿನಲ್ಲಿ ನೇರ ಮಾಡಿದ ಬಾಡಿ ಏಪ್ರಿಲ್ ತಿಂಗಳಲ್ಲಿ ಮತ್ತೆ ಬಾಗಲು ಶುರುಮಾಡುತ್ತದೆ.